ಮೆಟ್ಟಿಲ ಮೇಲೆ ಕೂತು ಓದುತ್ತಿದ್ದವರು

ಇದನ್ನು ಹೇಳಬೇಕೆಂದು ಹೊರಟಾಗಲೆಲ್ಲ ನನಗೆ ಕೆಮ್ಮು ಬರುತ್ತಿತ್ತು. ನಲವತ್ತು ವರ್ಷ ಕೆಮ್ಮಿದ್ದಾಯಿತು, ಇನ್ನು ಹೇಳಿಬಿಡುತ್ತೇನೆ.

ಅವರು ಚಪ್ಪಲಿ ಹೊಲಿಯುತ್ತಿದ್ದರು. ಪತ್ರಿಕೆ ಮುಟ್ಟುವ ಮುಂಚೆ ಎರಡೂ ಕೈ ತೊಳೆದು, ಪಂಚೆಗೆ ಒರೆಸಿ, ಒಣಗಿವೆಯೇ ಎಂದು ಕೆನ್ನೆಗೆ ಒತ್ತಿ ನೋಡಿಕೊಳ್ಳುತ್ತಿದ್ದರು. ಅಷ್ಟು ಮಡಿಯಿಂದ ಓದುವವರನ್ನು ಜಾತಿಯ ಕಾರಣಕ್ಕೆ ಪಂಚಾಯ್ತಿ ವಾಚನಾಲಯದ ಒಳಗೆ ಕೂರಿಸುತ್ತಿರಲಿಲ್ಲ. ಒಳಗಿನವರೆಲ್ಲ ಓದಿ ಬಿಟ್ಟ ಪತ್ರಿಕೆಯನ್ನು ಸಂಜೆ ಹೊರಗಿನ ಮೆಟ್ಟಿಲ ಮೇಲೆ ಇಡುತ್ತಿದ್ದರು. ಎಪ್ಪತ್ತರ ದಶಕದ ಕೊನೆಯ ಮಾತು. ಊರು ಕಡೂರು ಸೀಮೆಯದೇ, ಹೆಸರು ಬೇಡ.

"ಸುದ್ದಿ ಹಳಸಿದ್ರೂ ಪರ್ವಾಗಿಲ್ಲ ಸ್ವಾಮಿ. ಒಳಗೆ ಬೆಂಚಿನ್ ಮೇಲೆ ಕೂತು ಒಂದ್ಸಲ ಓದ್ಬೇಕು" ಎನ್ನುತ್ತಿದ್ದರು.

ಆ ಬೆಂಚಿಗಾಗಿ ಪಂಚಾಯ್ತಿಯ ಮೇಲೆ ದಾವಾ ಹಾಕಲು ಹೊರಟರು. ವಕೀಲರು ಯಾರೂ ಒಪ್ಪಲಿಲ್ಲ. ತಾವೇ ಬರೆದು ತಾವೇ ವಾದಿಸುವುದೆಂದು ತೀರ್ಮಾನಿಸಿ, ಸಲಹೆ ಕೇಳಲು ನನ್ನ ಬಳಿ ಬಂದರು. ನಾನು ಎಸ್ಸೆಸ್ಸೆಲ್ಸಿ ಪಾಸಾಗಿ ಕೋರ್ಟಿನ ಎದುರು ಅರ್ಜಿ ಬರೆದುಕೊಡುತ್ತಿದ್ದವನು. ಜನ ಅರ್ಧ ಲಾಯರು ಎಂದು ರೇಗಿಸುತ್ತಿದ್ದರು. ನಾನು ಅದನ್ನು ಪದವಿ ಎಂದುಕೊಂಡಿದ್ದೆ.

"ಮೊದ್ಲು ಪಂಚಾಯ್ತಿಗೆ ಒಂದ್ ಕಾಗ್ದ ಕೊಡಾಣ ಸ್ವಾಮಿ. ಹೇಳ್ದೆ ಕೇಳ್ದೆ ಕೋರ್ಟಿಗೆ ಎಳೆಯಾದು ಮರ್ಯಾದೆ ಅಲ್ಲ."

"ಏನಯ್ಯಾ, ಕಳ್ಳನ್ನ ಹಿಡಿಯೋಕೆ ಹೋಗೋನು ಬತ್ತೀನಿ ಅಂತ ಹೇಳ್ ಕಳಿಸ್ತಾನಾ? ದಿಢೀರ್ ಅಂತ ಬೀಳ್ಬೇಕು ಕಣಯ್ಯ. ಕಾನೂನು ನಂಗ್ ಬಿಡು."

ಬಿಟ್ಟರು.

ಪ್ರತಿ ವಾಯಿದೆಗೂ ಒಗೆದ ಪಂಚೆ ಉಟ್ಟು ಬಂದರು. ವಾದಿಸಲೆಂದು ಬರೆದುಕೊಂಡಿದ್ದ ಹನ್ನೊಂದು ಹಾಳೆ ಕೈಯಲ್ಲೇ ಉಳಿಯಿತು. ಪಂಚಾಯ್ತಿಯ ಮೇಲೆ ದಾವಾ ಹಾಕುವವರು ಮುಂಚೆ ನೋಟಿಸು ಕೊಟ್ಟು ಗಡುವು ಕಾಯಬೇಕಿತ್ತು; ಕೊಟ್ಟಿಲ್ಲವೆಂದು ನ್ಯಾಯಾಧೀಶರು ವಜಾ ಮಾಡಿದರು. ಅವರು ಮರ್ಯಾದೆ ಎಂದಿದ್ದನ್ನೇ ಕಾನೂನೂ ಕೇಳುತ್ತಿತ್ತು.

ಹೊರಗೆ ಎದುರು ಪಕ್ಷದ ವಕೀಲರು ನಕ್ಕರು. "ಯಾರ್ರೀ ಇವ್ನಿಗೆ ನೋಟಿಸ್ ಬೇಡ ಅಂದ ಬೃಹಸ್ಪತಿ?"

ನನ್ನ ಬಾಯಿ ಎಂದಿಗೂ ನನಗಿಂತ ಚುರುಕು. "ನಾನ್ ಬಡ್ಕೊಂಡೆ ಸಾರ್, ಇವ್ನು ಕೇಳ್ಬೇಕಲ್ಲ!"

ಅವರು ನನ್ನ ಮುಖವನ್ನು ಒಮ್ಮೆ ನೋಡಿದರು. ಆಮೇಲೆ ವಕೀಲರಿಗೆ, "ಹೌದು ಸ್ವಾಮಿ, ನಂದೇ ತಪ್ಪು" ಎಂದರು.

ನೋಟಿಸು ಕೊಟ್ಟು ಮತ್ತೆ ದಾವಾ ಹಾಕಬಹುದೆಂದು ವಾರದೊಳಗೇ ನನಗೆ ಗೊತ್ತಾಯಿತು. ಹೇಳಲಿಲ್ಲ. ಹೇಳಿದ್ದರೆ ಬೃಹಸ್ಪತಿ ಯಾರೆಂಬುದು ಹೊರಬೀಳುತ್ತಿತ್ತು. ಅವರು ಮೆಟ್ಟಿಲಿಗೆ ಬರುವುದನ್ನೂ ಬಿಟ್ಟರು.

ಎಂಟು ವರ್ಷದ ಮೇಲೆ ಶಿವನಿ ಸ್ಟೇಷನ್ನಿನ ಹೊರಗೆ ಸಿಕ್ಕರು. ನನ್ನ ಚಪ್ಪಲಿಯ ಬಾರು ಕಿತ್ತಿತ್ತು, ಹೊಲಿದುಕೊಟ್ಟರು.

"ಈಗ್ಲೂ ಪೇಪರ್ ಓದ್ತೀಯೇನಯ್ಯಾ?"

"ಕಣ್ಣು ಮಂಜಾಯ್ತು ಸ್ವಾಮಿ. ಇನ್ನು ಬೆಂಚ್ ಕೊಟ್ರೂ ಅಕ್ಷರ ಕಾಣಾಕಿಲ್ಲ."

ತಪ್ಪಾಯ್ತು ಎನ್ನಲು ಬಾಯಿ ತೆರೆದೆ, ಕೆಮ್ಮು ಬಂತು. ಅವರು ತಮ್ಮ ನೀರಿನ ಚೆಂಬನ್ನು ನನ್ನತ್ತ ಚಾಚಿ, ಏನೋ ನೆನಪಾದವರಂತೆ ಹಿಂದಕ್ಕೆ ತೆಗೆದುಕೊಂಡರು. ನಾನು ಕೈ ನೀಡಲಿಲ್ಲ.

ಅವರು ತೀರಿಕೊಂಡ ಸುದ್ದಿ ತಲುಪುವ ಹೊತ್ತಿಗೆ ತಿಂಗಳು ಕಳೆದಿತ್ತು. ಅಷ್ಟು ವರ್ಷವೂ ನಾನು ಅವರನ್ನು 'ಏನಯ್ಯಾ' ಎಂದೇ ಕರೆದವನು, ಒಮ್ಮೆಯೂ ಹೆಸರು ಹಿಡಿದಿರಲಿಲ್ಲ. ಹೆಸರು ದಾವಾದ ಮೊದಲ ಹಾಳೆಯಲ್ಲಿ, ವಾದಿ ಎಂಬುದರ ಮುಂದೆ, ಅವರದೇ ದುಂಡು ಅಕ್ಷರದಲ್ಲಿತ್ತು: ದುಗ್ಗಪ್ಪ.