ಹೊಳಪಿಲ್ಲದ ಗಿಟಾರು

ಬೆಳಿಗ್ಗೆ ನಳದ ನೀರು ಬಂತು, ಎರಡು ಡ್ರಮ್ಮು ತುಂಬಿಸಿದೆ. ಜೋಳ ಹಸನು ಮಾಡಿ ಗಿರಣಿಗೆ ಕಳಿಸಿದೆ. ಹದಿನೆಂಟು ರೊಟ್ಟಿ ಬಡಿದೆ. ಶೇಂಗಾ ಹುರಿದು ಪುಡಿ ಕುಟ್ಟಿದೆ. ಅತ್ತೆಯ ಕಣ್ಣಿಗೆ ಹನಿ ಹಾಕಿದೆ, ಯಜಮಾನರ ಅಂಗಿಗೆ ಗುಂಡಿ ಹಚ್ಚಿದೆ. ಇಷ್ಟು ಮುಗಿಸಿ ಮಧ್ಯಾಹ್ನ ನೆಗೆಣ್ಣಿಯ ಜೊತೆ ಬೆಟಗೇರಿಯಿಂದ ಗದಗಿಗೆ ಗಿಟಾರು ಕೊಳ್ಳಲು ಹೋದೆ.

ನೆಗೆಣ್ಣಿಯೆಂದರೆ ಮೈದುನನ ಹೆಂಡತಿ, ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ನಾನು ಗಿಟಾರು ಕಲಿತದ್ದು ಲಕ್ಷ್ಮೇಶ್ವರದ ತವರಿನಲ್ಲಿ, ಅಣ್ಣನದನ್ನು ಕದ್ದು ಕದ್ದು ಬಾರಿಸಿ. ಮದುವೆಯಾದ ಮೇಲೆ ಇಪ್ಪತ್ತೈದು ವರ್ಷ ಅದನ್ನು ಮುಟ್ಟಲಿಲ್ಲ. ಅವಳು ಕಲಿತದ್ದು ಗೆಳತಿಯ ಗಿಟಾರು ತಂದಿಟ್ಟುಕೊಂಡು, ಮೊಬೈಲ್ ನೋಡಿ, ಒಂದೇ ವರ್ಷದಲ್ಲಿ, ಅದೂ ಪಲ್ಯ ಒಲೆಯ ಮೇಲೆ ಕುದಿಯುತ್ತಿರುವಾಗ. ನಮ್ಮ ಓಣಿಯ ಅಕ್ಕನ ಬಳಗವೆಂಬ ಹೆಂಗಸರ ಸಂಘದ ವಚನ ಗಾಯನಕ್ಕೆ ಅವಳು ಅದನ್ನು ತಂದು ನುಡಿಸಿದಾಗ ಎಲ್ಲರೂ ಹೊರಳಿ ನೋಡಿದರು. ತಾಳ ಹಿಡಿದು ಹಿಂದೆ ಕುಳಿತಿದ್ದ ನಾನೂ ನೋಡಿದೆ. ಮರುದಿನವೇ, ನನಗೂ ಬರುತ್ತದೆ ಎಂದು ಅತ್ತೆಗೆ ಹೇಳಿದೆ.

ಬಳಗದ ಹಿರಿಯರು ನಮ್ಮ ಅತ್ತೆಯೇ. ಶ್ರಾವಣದ ಮೊದಲ ಸೋಮವಾರ ದೊಡ್ಡ ಗಾಯನವಿತ್ತು. ಮುಂದಿನ ಸಾಲಿನಲ್ಲಿ ಗಿಟಾರು ಒಂದೇ ಸಾಕು, ಯಾರು ಕೂರಬೇಕೆಂಬುದನ್ನು ಆಮೇಲೆ ನೋಡೋಣ ಎಂದಿದ್ದರು. ಆ ಜಾಗ ನನಗೆ ಬೇಕಿತ್ತು. ಹಿರಿಯಳೆಂದು ಅದು ನನಗೇ ಬರುತ್ತದೆ ಎಂಬ ಒಳನಂಬಿಕೆಯೂ ಇತ್ತು.

ನಮ್ಮ ಮನೆಯಲ್ಲಿ ಸೊಸೆಯರಿಗೆ ಏನು ತಂದರೂ ಜೋಡಿಯಾಗಿ ತರುವುದು ರೂಢಿ. ಸೀರೆಯಾದರೆ ಒಂದೇ ನೇಯ್ಗೆ, ಬಣ್ಣ ಮಾತ್ರ ಬೇರೆ. ಮೊದಲು ಆರಿಸುವವಳು ಹಿರಿಯಳು. ಗಿಟಾರಿಗೂ ಅತ್ತೆ ಅದೇ ಕಟ್ಟಳೆ ಹಾಕಿದ್ದರು. ಆದರೆ ಅಂಗಡಿಯಲ್ಲಿ ಒಂದೇ ತರದವು ಎರಡಿರಲಿಲ್ಲ. ಒಂದು ತುಟ್ಟಿಯದು, ಜೇನಿನ ಬಣ್ಣ, ಮುಖ ಕಾಣುವಷ್ಟು ಪಾಲಿಶ್. ಇನ್ನೊಂದು ಅದೇ ಕಂಪನಿಯ ಅಗ್ಗದ್ದು, ಕಂದು ಬಣ್ಣದ ತೆಳು ಬಳಿತ, ಕೈಯಾಡಿಸಿದರೆ ಕಟ್ಟಿಗೆಯ ಗೆರೆ ಹತ್ತುತ್ತಿತ್ತು.

“ಒಳಗ ಎರಡೂ ಒಂದ ನೋಡ್ರಿ ಅಕ್ಕಾರ,” ಎಂದ ಅಂಗಡಿಯವನು. “ತಂತಿ, ದನಿ ಹಿಡಿಯೋ ಪಿಕಪ್, ಎಲ್ಲಾ ಒಂದ. ರೊಕ್ಕ ಹೊಳಪಿಗೆ ಅಷ್ಟ.”

ನೇಕಾರರ ಊರಾದ ಬೆಟಗೇರಿಯವರು ನಾವು, ಸೀರೆಯ ಸೆರಗು ನೋಡುವ ಮೊದಲು ಅದರ ಹಿಂಬದಿ ನೋಡುತ್ತೇವೆ. ನಾನು ಎರಡೂ ಗಿಟಾರುಗಳನ್ನು ಮಗುಚಿ ನೋಡಿದೆ. ತುಟ್ಟಿಯದರ ಬೆನ್ನಿಗೂ ಅದೇ ಹೊಳಪಿತ್ತು. ಮೊದಲು ಅದನ್ನೇ ತೊಡೆಯ ಮೇಲಿಟ್ಟುಕೊಂಡು ಬಾರಿಸಿದೆ. ಚೆನ್ನಾಗಿತ್ತು. ಮನಸ್ಸಿನಲ್ಲಿ ಇದೇ ನನ್ನದೆಂದು ಗೊತ್ತು ಮಾಡಿಕೊಂಡೆ.

ಅಷ್ಟರಲ್ಲಿ ಅವಳು ಅಗ್ಗದ್ದನ್ನು ಎತ್ತಿಕೊಂಡಳು. ನಾವು ಬಳಗದಲ್ಲಿ ಹಾಡುವ ಒಂದು ವಚನದ ಧಾಟಿಯನ್ನೇ ಹಿಡಿದಳು. ಅಂಗಡಿಯವನು ಲೆಕ್ಕ ಬರೆಯುವುದನ್ನು ಬಿಟ್ಟು ಕೈಮೇಲೆ ಗದ್ದವೂರಿ ಕುಳಿತ. ನಾನು ತೊಡೆಯ ಮೇಲಿದ್ದ ತುಟ್ಟಿಯದನ್ನು ಪಕ್ಕಕ್ಕಿಟ್ಟೆ. ಆ ನಾದವೆಲ್ಲ ಆ ಕಂದು ಗಿಟಾರಿನದೇ ಎನಿಸಿತು. ಅಂಗಡಿಯವನಿಗೆ ತಿಳಿಯದ ಏನೋ ಅದರಲ್ಲಿದೆ, ಅವಳಿಗೆ ಅದು ಗೊತ್ತಾಗಿದೆ, ಅದಕ್ಕೇ ಸುಮ್ಮನೆ ಅದನ್ನು ಹಿಡಿದು ಕುಳಿತಿದ್ದಾಳೆ ಎಂದುಕೊಂಡೆ.

“ಅಕ್ಕಾ, ನೀವು ಮೊದಲ ಆರಿಸ್ರಿ,” ಎಂದಳು. “ನನಗ ಯಾವುದಾದರೂ ನಡೀತೈತಿ.”

ಯಾವುದಾದರೂ ನಡೆಯುತ್ತದಂತೆ. ಆ ಮಾತೇ ನನ್ನನ್ನು ಸುಟ್ಟಿತು. “ನನಗ ಅದು ಬೇಕು,” ಎಂದು ಅವಳ ತೊಡೆಯ ಮೇಲಿದ್ದದ್ದನ್ನೇ ತೋರಿಸಿದೆ. ಅವಳು ಖರೆ ಹೇಳ್ತೀರೇನು ಎಂದು ಎರಡು ಸಲ ಕೇಳಿ, ಆಮೇಲೆ ಕೊಟ್ಟಳು.

ಮನೆಗೆ ಬಂದು ನಡುಮನೆಯಲ್ಲಿ ಎರಡನ್ನೂ ಚಾಪೆಯ ಮೇಲಿಟ್ಟೆವು. ಅತ್ತೆ ಕುಂಕುಮ ಹಚ್ಚಿದರು. ಯಾವುದು ಯಾರದೆಂದು ಕೇಳಿ ತಿಳಿದುಕೊಂಡು ನನ್ನ ತಲೆಯ ಮೇಲೆ ಕೈಯಿಟ್ಟರು.

“ಹಿರೇಕಿ ಅಂದ್ರ ಹಿಂಗಿರಬೇಕು. ಚಲೋದನ್ನ ಸಣ್ಣಾಕಿಗೆ ಬಿಟ್ಟು ತಾ ಸಾದಾದು ತಗೊಂಡಾಳ.”

ನಾನು ಸೆರಗು ಸರಿಮಾಡಿಕೊಂಡೆ. ಅಷ್ಟರಲ್ಲಿ ನೆಗೆಣ್ಣಿ ತನ್ನ ಜೇನಿನ ಬಣ್ಣದ್ದಕ್ಕೆ ಬಳಗದ ಸ್ಪೀಕರಿನ ವೈರು ಸಿಕ್ಕಿಸಿ ಅದೇ ಧಾಟಿಯನ್ನು ನುಡಿಸಿದಳು. ಅಂಗಡಿಯಲ್ಲಿ ಹೇಗೆ ಬಂದಿತ್ತೋ ಇಲ್ಲೂ ಹಾಗೇ ಬಂತು, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ನಾನು ನನ್ನದನ್ನು ಎತ್ತಿಕೊಂಡು ಅದನ್ನೇ ಬಾರಿಸಿದೆ. ನನಗೆ ಬರುವಷ್ಟು ಬಂತು.

ಅತ್ತೆ ಇಬ್ಬರದನ್ನೂ ಕೇಳಿದರು. ನಂತರ, ಅಡಕೆ ಕತ್ತರಿಸುತ್ತ, ಬೇರೆ ಮಾತೇನೂ ಇಲ್ಲ ಎಂಬಂತೆ ಹೇಳಿದರು: “ಸೋಮವಾರ ಮುಂದ ಸಣ್ಣಾಕೀನ ಕುಂಡ್ರಲಿ. ಹಿರೇಕಿ ಹೆಂಗೂ ಬಿಟ್ಟುಕೊಡಾಕಿ. ಹೌದಿಲ್ಲೋ?”

ನೆಗೆಣ್ಣಿ ಬೇಡವೆಂದಳು, ಅಕ್ಕನೇ ಕೂರಲಿ ಎಂದಳು. ಅವಳ ಮಾತಿನಲ್ಲಿ ಕಪಟವಿರಲಿಲ್ಲ. ಇದ್ದಿದ್ದರೆ ಅವಳ ಮೇಲೆ ಸಿಟ್ಟಾಗಲು ನನಗೆ ಅನುಕೂಲವಾಗುತ್ತಿತ್ತು. ಆ ಜಾಗ ನನಗೇ ಬೇಕು ಎಂದರೆ, ಈ ಗಿಟಾರನ್ನು ಯಾಕೆ ತೆಗೆದುಕೊಂಡೆ ಎಂಬುದನ್ನೂ ಹೇಳಬೇಕಾಗುತ್ತಿತ್ತು. “ಹೌದ್ರಿ ಅತ್ತಿ,” ಎಂದು ರೊಟ್ಟಿಯ ಬುಟ್ಟಿ ತರಲು ಒಳಗೆ ಹೋದೆ.

ರಾತ್ರಿ ಊಟಕ್ಕೆ ಬೆಳಗಿನ ರೊಟ್ಟಿ, ಎಣ್ಣೆಗಾಯಿ, ಶೇಂಗಾಪುಡಿ, ಮೊಸರು. ನಾನು ಒಂದೇ ರೊಟ್ಟಿ ಉಂಡೆ, ನೆಗೆಣ್ಣಿ ಮೂರು ಉಂಡಳು. ಎಲ್ಲರಿಗಿಂತ ಮೊದಲು ನಿದ್ದೆ ಹೋದವಳೂ ಅವಳೇ.