ದಿಬ್ಬದಮ್ಮ ಹೊರಟ ದಿನ

ಬೆಳಗಿನ ಬಸ್ಸಿಗೆ ಮೈಸೂರು ಬಿಟ್ಟೆವು, ನಾನು ಮತ್ತು ನನ್ನ ಜೊತೆ ಎಂ.ಎ. ಓದುತ್ತಿದ್ದ ಜಯಮ್ಮ. ಹೆಗ್ಗಡದೇವನಕೋಟೆಯಲ್ಲಿ ಇಡ್ಲಿ ತಿಂದು ಅಂತರಸಂತೆಯ ಬಸ್ಸು ಹಿಡಿದೆವು. ಅಲ್ಲಿಂದ ಅವಳ ಊರಿಗೆ ನಾಲ್ಕು ಮೈಲಿ ನಡಿಗೆ. ಮೇ ತಿಂಗಳ ಬಿಸಿಲು. ಊರು ಹತ್ತಿರವಾದಂತೆ ಹಂಚು ಕಿತ್ತ ಮನೆಗಳು ಕಂಡವು. ಕಪಿಲೆಗೆ ಕಟ್ಟುತ್ತಿದ್ದ ಅಣೆಕಟ್ಟಿನ ನೀರು ಮಳೆಗಾಲಕ್ಕೆ ಅಲ್ಲಿಯವರೆಗೆ ನಿಲ್ಲಲಿತ್ತು. ಊರಿನವರೆಲ್ಲ ಮೇಲಿನ ಬಯಲಿಗೆ ಹೋಗಿ ಆಗಿತ್ತು. ಉಳಿದವರು ಇಬ್ಬರೇ: ದಿಬ್ಬದಮ್ಮ, ಮತ್ತು ಜಯಮ್ಮನ ಅಜ್ಜಿ ಕೆಂಪಮ್ಮ.

ದಿಬ್ಬದಮ್ಮನೆಂದರೆ ಹೊಳೆದಂಡೆಯ ಮಣ್ಣುದಿಬ್ಬದ ಮೇಲೆ ತಾನಾಗಿ ಮೂಡಿದ ಮೊಳಕಾಲೆತ್ತರದ ಕಲ್ಲು. ನಿನ್ನನ್ನು ಕಿತ್ತು ಹೊಸ ಊರಿಗೆ ಒಯ್ಯಬಹುದೇ ಎಂದು ಪೂಜಾರಿ ಮಾದಯ್ಯ ಕಲ್ಲಿನ ನೆತ್ತಿಗೆ ಹೂವಿಟ್ಟು ಎರಡು ಸಲ ಕೇಳಿದ್ದ. ಎರಡು ಸಲವೂ ಹೂ ಎಡಕ್ಕೆ ಬಿದ್ದಿತ್ತು. ಎಡಕ್ಕೆ ಬಿದ್ದರೆ ಒಲ್ಲೆ ಎಂದು ಅರ್ಥ. ಅವಳು ಬಾರದೆ ತಾನೂ ಬರುವುದಿಲ್ಲವೆಂದು ಅಜ್ಜಿ ಕುಳಿತುಬಿಟ್ಟಿದ್ದಳು. ಮೊಮ್ಮಗಳ ಮಾತು ಕೇಳದವಳು ಹೊರಗಿನವಳ ಮಾತಾದರೂ ಕೇಳಿಯಾಳೆಂದು ಜಯಮ್ಮ ನನ್ನನ್ನು ಕರೆತಂದಿದ್ದಳು.

ಮುದ್ದೆ, ಹುರುಳಿ ಸಾರಿನ ಊಟವಾದ ಮೇಲೆ ದಿಬ್ಬದ ಹೊಂಗೆಮರದ ನೆರಳಿಗೆ ಹೋದೆವು. ಹೊಸ ಊರಿನಿಂದ ಪೂಜೆಗೆ ಬಂದಿದ್ದ ಮಾದಯ್ಯನೂ ಅಲ್ಲಿದ್ದ. ಏನು ಓದುತ್ತೀಯೆಂದು ಅಜ್ಜಿ ಕೇಳಿದಳು. ಈಜಿಪ್ಟ್ ಎಂಬ ದೇಶದ ಹಳೆಯ ದೇವರುಗಳ ವಿಷಯ ಎಂದೆ. ಹಾಗಾದರೆ ಹೇಳು ಎಂದಳು.

ಹೇಳಿದೆ. ಮೊದಲು ಎಲ್ಲೆಲ್ಲೂ ಕತ್ತಲೆಯ ನೀರು. ಅದರ ಹೆಸರು ನೂನ್. ಆ ನೀರಿನಿಂದ ಒಂದು ದಿಬ್ಬ ಮೇಲೆದ್ದಿತು. ದಿಬ್ಬದ ಮೇಲೆ ಆತುಮ್ ಎಂಬ ದೇವರು ಒಬ್ಬನೇ ನಿಂತ. ಅವನು ಸೀನಿದಾಗ ಗಾಳಿ ಹುಟ್ಟಿತು, ಉಗುಳಿದಾಗ ತೇವ ಹುಟ್ಟಿತು. ಅವರ ಮಕ್ಕಳೇ ಭೂಮಿ ಮತ್ತು ಆಕಾಶ.

"ಒಬ್ನೇ ನೀರಲ್ಲಿ ನಿಂತಿದ್ರೆ ನೆಗಡಿ ಆಗ್ದೆ ಇರ್ತದಾ," ಎಂದ ಮಾದಯ್ಯ.

ಅಲ್ಲಿಯೂ ಈಚೆಗೆ ಹೊಳೆಗೆ ದೊಡ್ಡ ಕಟ್ಟೆ ಕಟ್ಟಿದರು, ಬೆಟ್ಟದಲ್ಲಿ ಕೊರೆದ ದೇವರುಗಳನ್ನು ಗರಗಸದಿಂದ ಕೊಯ್ದು ಎತ್ತರಕ್ಕೆ ಸಾಗಿಸಿದರು ಎಂದೆ. ಅದನ್ನು ಹೇಳಬಾರದಿತ್ತು. ಅಜ್ಜಿಯ ಮುಖ ಬಿಗಿಯಿತು. ದೇವರ ಮೈಗೆ ಗರಗಸ ಇಟ್ಟವರ ಕೈ ಸೇದಿಹೋಗಲಿ ಎಂದಳು. ನಾನು ಗಾಬರಿಯಲ್ಲಿ ಹಿಂದಿನ ಕಥೆಗೇ ಮರಳಿದೆ: ಅಲ್ಲಿ ಒಂದೊಂದು ಗುಡಿಯವರೂ ಆ ಮೊದಲ ದಿಬ್ಬ ನಮ್ಮ ಗುಡಿಯ ಕೆಳಗೇ ಇದೆ ಎನ್ನುತ್ತಿದ್ದರು.

"ಅಂಗಾದ್ರೆ ದಿಬ್ಬ ಒಂದೇ ಕಡೆ ಇರ್ಬೇಕು ಅಂತಿಲ್ವಾ ಮಗ?" ಎಂದಳು ಅಜ್ಜಿ.

ಇಲ್ಲ ಎಂದೆ. ಆ ಉತ್ತರ ಕಥೆಯಲ್ಲಿತ್ತೋ, ಅವಳಿಗಾಗಿ ನಾನೇ ಕಥೆಯನ್ನು ಬಾಗಿಸಿದೆನೋ, ಇಂದಿಗೂ ನನಗೆ ಖಾತ್ರಿಯಿಲ್ಲ. ಮುಂದಿನ ಮಾತು ಮಾತ್ರ ಅವಳದೇ.

"ಲೇ ಮಾದ, ನಾವು ಬರೀ ಕಲ್ಲು ಕೇಳುದ್ವಿ ಕಣ್ಲಾ. ದಿಬ್ಬ ಬುಟ್ಟು ದಿಬ್ಬದಮ್ಮ ಎಂಗ್ ಬಂದಾಳು? ದಿಬ್ಬನೂ ಒತ್ಕೊಂಡೋಯ್ತೀವಿ ಅನ್ನು."

ಮಾದಯ್ಯ ಹೊಳೆಯಲ್ಲಿ ಮಿಂದು ಬಂದು ಕಣಗಿಲೆ ಹೂವಿಟ್ಟು ಹಾಗೆಯೇ ಕೇಳಿದ. ಹೂ ಬಲಕ್ಕೆ ಬಿತ್ತು. ಗಾಳಿಯಿತ್ತೇ ಎಂದು ಆಮೇಲೆ ಮೈಸೂರಿನಲ್ಲಿ ಒಬ್ಬರು ಕೇಳಿದರು. ನೆನಪಿಲ್ಲ. ಅಜ್ಜಿ ಎದ್ದು ಮಣ್ಣು ಹೊರುವ ಮಂಕರಿ ತರಲು ಹೋದದ್ದು ನೆನಪಿದೆ.

ಮರುದಿನ ಹೊಸ ಊರಿನಿಂದ ಗಾಡಿಗಳು ಬಂದವು, ತಮಟೆ ಬಂತು. ದಿಬ್ಬವನ್ನು ಅಗೆದು ಅಗೆದು ತುಂಬಿದರು. ಜಯಮ್ಮ ಸೆರಗು ಸಿಕ್ಕಿಸಿ ಮಣ್ಣು ಹೊತ್ತಳು, ನಾನೂ ಹೊತ್ತೆ. ಸಂಜೆಯ ಹೊತ್ತಿಗೆ ಮೇಲಿನ ಬೋಳು ಬಯಲಿನಲ್ಲಿ ಆಳೆತ್ತರದ ದಿಬ್ಬ ಎದ್ದು ನಿಂತಿತ್ತು. ಕಲ್ಲನ್ನು ನಾಲ್ವರು ಎತ್ತಿ ತಂದು ಮೇಲೆ ನಿಲ್ಲಿಸಿದರು. ಯಾರೂ ಕರೆಯದಿದ್ದರೂ ಅಜ್ಜಿ ದಿಬ್ಬ ಹತ್ತಿ ದಿಬ್ಬದಮ್ಮನ ಪಕ್ಕದಲ್ಲಿ ನಿಂತಳು. ಮಣ್ಣಿನ ಧೂಳು ಮೂಗಿಗೆ ಹೋಗಿ ಜೋರಾಗಿ ಸೀನಿದಳು.

ತಮಟೆ ನಿಂತಿತು. ಮಾದಯ್ಯ ನನ್ನತ್ತ ತಿರುಗಿದ.

"ಗಾಳಿ ಉಟ್ತು ಕಣವ್ವ. ಇನ್ನು ಉಗೀಲಿ, ಮಳೆನೂ ಬತ್ತದೆ."

ಎಲ್ಲರಿಗಿಂತ ಜೋರಾಗಿ ನಕ್ಕವಳು ಅಜ್ಜಿ. ಆ ರಾತ್ರಿ ಅವಳು ಹೊಸ ಊರಿನಲ್ಲೇ ಮಲಗಿದಳು.

ಬೆಳಿಗ್ಗೆ ಅಂತರಸಂತೆಯಿಂದ ಬಸ್ಸು ಹೊರಟಾಗ ಕಿಟಕಿಯಿಂದ ಹಿಂದಕ್ಕೆ ನೋಡಿದೆ. ದೂರಕ್ಕೆ ಊರು ಕಾಣುವಂತಿರಲಿಲ್ಲ. ನನ್ನ ಉಗುರುಗಳ ಸಂದಿಯಲ್ಲಿ ದಿಬ್ಬದ ಮಣ್ಣು ಇನ್ನೂ ಇತ್ತು.