ಕಾಗವಾಡದ ಕೌದಿ

ಬೆಳಗಾವಿ ಬಿಟ್ಟು ಚಿಕ್ಕೋಡಿಯಲ್ಲಿ ಇಳಿದಾಗ ಮಳೆ ಆಗತಾನೆ ನಿಂತಿತ್ತು. ಹೆಂಗಸರಿಗೆ ಬಸ್ಸು ಪುಕ್ಕಟೆ. ಸವೆಯುವುದು ಚಪ್ಪಲಿ ಮಾತ್ರ. ಯಾವ ಮನೆಯಲ್ಲಿ ಎಷ್ಟು ಜನ, ಮಲಗಲು ಎಷ್ಟು ಜಾಗ ಎಂದು ಐದು ಊರು ಕೇಳಿಬರುವುದು, ಇಕ್ಕಟ್ಟಿದ್ದಲ್ಲಿ ಇನ್ನೊಂದು ಖೋಲಿಗೆ, ಅಂದರೆ ಕೋಣೆಗೆ, ಸರಕಾರಕ್ಕೆ ಶಿಫಾರಸು ಮಾಡುವುದು ನನ್ನ ಕೆಲಸ. ಚಿಕ್ಕೋಡಿಯ ಬಾಡಿಗೆ ಖೋಲಿಗಳಲ್ಲಿ ಒಂಟಿ ನೌಕರರೇ ಹೆಚ್ಚು. ನಿಪ್ಪಾಣಿಯಲ್ಲಿ ಒಂದೇ ಖೋಲಿಯೊಳಗೆ ಮೂರು ತಲೆಮಾರಿನವರು ಕೂತು ಬೀಡಿ ಕಟ್ಟುತ್ತಿದ್ದರು. ತಂಬಾಕಿನ ಘಾಟಿಗೆ ನಾನು ಸೀನಿದ್ದೇ ಸೀನಿದ್ದು.

ಮರುದಿನ ರಾಯಬಾಗದಲ್ಲಿ ಅಜ್ಜನೊಬ್ಬ, "ಆಡೂ ಒಳಗ ಮಕ್ಕೋತಾವ್ರಿ, ಅವನ್ನೂ ಲೆಕ್ಕಕ್ಕ ಹಿಡೀರಿ," ಎಂದು ನಗಿಸಿದ. ಅಥಣಿಯಲ್ಲಿ ದ್ರಾಕ್ಷಿ ತೋಟದವರ ದೊಡ್ಡ ಮನೆ. ಒಂದೇ ಸೂರಿನಡಿ ಮೂವರು ಅಣ್ಣತಮ್ಮಂದಿರು, ಮೂರು ಒಲೆ. ಒಲೆ ಬೇರೆಯಾದರೆ ಕುಟುಂಬವೂ ಬೇರೆ ಎಂಬುದು ನಮ್ಮ ಲೆಕ್ಕ. ಊಟಕ್ಕೆ ಮಾತ್ರ ಮೂರೂ ಕಡೆ ಕರೆದರು.

ಮೂರನೆಯ ದಿನ ಕಾಗವಾಡ ಮುಟ್ಟಿದಾಗ ಮಧ್ಯಾಹ್ನದ ಬಿಸಿಲು ಚುರುಗುಟ್ಟುತ್ತಿತ್ತು. ಕೃಷ್ಣೆಯ ಮಹಾಪೂರದಲ್ಲಿ ಮನೆ ಕಳೆದುಕೊಂಡು ದಂಡೆಯ ಹಳ್ಳಿಯಿಂದ ಬಂದವರ ಒಂಟಿ ಖೋಲಿಗೆ ಹೋದೆ. ಸೊಸೆ ರೇಣುಕಾ ಹೊರಗೆ ತಗಡಿನ ಕೆಳಗೆ ಕೂಸು ತೂಗುತ್ತಿದ್ದಳು. ಒಳಗೆ ಅರ್ಧ ನೆಲಕ್ಕೆ ಹಳೆಬಟ್ಟೆ ಹೊಲಿದ ಕೌದಿ ಹಾಸಿತ್ತು. ದಣಿದಿದ್ದೆ, ಅದರ ಮೇಲೆ ಕುಳಿತುಬಿಟ್ಟೆ.

"ಏಳ್ರಿ! ಅವ್ರು ಮಕ್ಕೊಂಡಾರ," ಎಂದಳು ಮೂಲೆಯಲ್ಲಿದ್ದ ಅತ್ತೆ ಶಾಂತವ್ವ.

ದಡಕ್ಕನೆ ಎದ್ದೆ. ಕೌದಿಯ ಮೇಲೆ ಯಾರೂ ಇರಲಿಲ್ಲ. ನನ್ನ ಸೀರೆ ಮಾತ್ರ ಒದ್ದೆಯಾಗಿ ಹೊಳೆಯ ಕೆಸರಿನ ವಾಸನೆ ಬರುತ್ತಿತ್ತು. ನಿಜ ಹೇಳುತ್ತೇನೆ, ಹೆದರಿದೆ.

ಶಾಂತವ್ವನ ಗಂಡನನ್ನು ಹೊಳೆ ಒಯ್ದಿತ್ತು, ಹೆಣ ಸಿಕ್ಕಿರಲಿಲ್ಲ. ಹೆಣವಿಲ್ಲದೆ ಮಣ್ಣು ಮಾಡುವುದು ಹೇಗೆ? ಅವಳು ಕುಂಕುಮ ಅಳಿಸಿರಲಿಲ್ಲ, ಅವನಿಗೆಂದು ಹಾಸಿದ ಕೌದಿ ಮಡಚಿರಲಿಲ್ಲ. ಒಳಗೆ ಜಾಗ ಸಾಲದೆ ಮಗ, ಸೊಸೆ, ಕೂಸು ತಗಡಿನ ಕೆಳಗೇ ಮಲಗುತ್ತಿದ್ದರು.

"ಕೂಸಿಗೆ ಥಂಡಿ ಹತ್ತೇತ್ರಿ ಅಕ್ಕಾರ," ಎಂದಳು ರೇಣುಕಾ ಮೆಲ್ಲಗೆ. "ಮಾವನ್ನೂ ಲೆಕ್ಕಕ್ಕ ಹಿಡೀರಿ. ಇನ್ನೊಂದ್ ಖೋಲಿ ಸಿಕ್ಕೀತು. ಅವ್ರಂತೂ ಜಾಗಾ ಬಿಡೂದಿಲ್ಲ."

"ಇದ್ದವರನ್ನಷ್ಟ ಹಿಡೀಬೇಕವ್ವಾ," ಎಂದೆ.

ಅಷ್ಟರಲ್ಲಿ ಕೂಸು ಕೆಮ್ಮತೊಡಗಿತು, ನಿಲ್ಲಲೇ ಇಲ್ಲ. ಶಾಂತವ್ವ ಹೊರಗೆ ಹೋಗಿ ಅದನ್ನು ಎತ್ತಿ ತಂದಳು. ಕೌದಿಯ ಬಳಿ ಮೊಣಕಾಲೂರಿದಳು. ಆಮೇಲೆ ಬಗ್ಗಿ, "ಏನ್ರಿ, ಒಂಚೂರ ಸರೀರಿ. ಮೊಮ್ಮಗ ಬಂದಾನ," ಎಂದು ಮಲಗಿಸಿದಳು.

ಕೆಮ್ಮು ನಿಂತಿತು. ಕೂಸು ಪಕ್ಕದ ಖಾಲಿ ಜಾಗದತ್ತ ಹೊರಳಿ ಕಿಲಕಿಲ ನಕ್ಕಿತು. ಅದರ ಕೆಳಗೆ ಕೈಯಿಟ್ಟು ನೋಡಿದೆ. ಕೌದಿ ಒಣಗಿತ್ತು, ಬೆಚ್ಚಗಿತ್ತು. ಬಾಗಿಲಲ್ಲಿ ನಿಂತ ರೇಣುಕಾ ಸೆರಗು ಬಾಯಿಗೊತ್ತಿ ಅಳುತ್ತಿದ್ದಳು.

ಸಂಜೆ ಬಸ್ಸಿನಲ್ಲಿ ಕಂಡಕ್ಟರ್, "ಒಬ್ರೇನ್ರಿ?" ಎಂದ. ಹೌದೆಂದೆ. ಪಕ್ಕದ ಸೀಟು ಖಾಲಿಯಿತ್ತು. ಆದರೂ ಬ್ಯಾಗನ್ನು ಅಲ್ಲಿಡದೆ ತೊಡೆಯ ಮೇಲೇ ಇಟ್ಟುಕೊಂಡೆ.